ಟಪ್ ಅಂತ ಬಿತ್ತಲ್ಲ, ಯಾಕೆ?

ನಿಮ್ಮ ಮನೆಯ ಡಿಬಿ ಬಾಕ್ಸ್ ಎಲ್ಲಿದೆ, ನೋಡಿದ್ದೀರಾ? ಕೆಲವು ಮನೆಗಳಲ್ಲಿ ಮುಂಬಾಗಿಲ ಮೇಲೆ, ಕೆಲವು ಕಡೆ ಮೆಟ್ಟಿಲ ಕೆಳಗೆ, ಇನ್ನು ಕೆಲವು ಕಡೆ ಕ್ಯಾಲೆಂಡರಿನ ಹಿಂದೆ ಅಡಗಿ ಕೂತಿರುತ್ತದೆ. ಮುಚ್ಚಳ ತೆಗೆದರೆ ಸಾಲಾಗಿ ನಿಂತ ಪುಟ್ಟ ಪುಟ್ಟ ಗುಂಡಿಗಳು. ಇದ್ದಕ್ಕಿದ್ದ ಹಾಗೆ 'ಟಪ್' ಅಂತ ಸದ್ದಾಗಿ ನಿಮ್ಮ ಮನೆಯಲ್ಲಿ ಮಾತ್ರ ಕರೆಂಟು ಹೋಗಿ, ಪಕ್ಕದ ಮನೆಯ ಟೀವಿ ಆರಾಮಾಗಿ ಮಾತಾಡುತ್ತಲೇ ಇದ್ದರೆ, ಮನೆಯ ದೊಡ್ಡವರು ನೇರವಾಗಿ ಈ ಡಬ್ಬಿಯ ಹತ್ತಿರವೇ ಬರುತ್ತಾರೆ. ಸಾಲಿನಲ್ಲಿ ಒಂದು ಗುಂಡಿ ಕೆಳಗೆ ಬಿದ್ದಿರುತ್ತದೆ. ಅದನ್ನು ಮೇಲೆತ್ತುತ್ತಾರೆ. ಕರೆಂಟು ಬರುತ್ತದೆ. ಯಾಕೆ ಬಿತ್ತು ಅಂತ ಕೇಳಿದರೆ ಮಾತ್ರ 'ಲೋಡ್ ಜಾಸ್ತಿ ಆಯ್ತೇನೋ' ಅನ್ನುವ ಒಂದೇ ಉತ್ತರ.

ಆ 'ಏನೋ' ನಮಗೆ ಸಾಲದು ಅಲ್ಲವೇ? ಬನ್ನಿ, ಇವತ್ತು ಆ ಡಬ್ಬಿಯ ಮುಂದೆ ನಿಂತು ಸ್ವಲ್ಪ ಪತ್ತೇದಾರಿಕೆ ಮಾಡೋಣ. ನನ್ನದೊಂದೇ ಕರಾರು. ದೊಡ್ಡವರೊಬ್ಬರು ಜೊತೆಗಿರಬೇಕು, ನಿಮ್ಮ ಎರಡೂ ಕೈ ಬೆನ್ನ ಹಿಂದೆ ಇರಬೇಕು. ಇಲ್ಲಿ ಕೆಲಸವೆಲ್ಲ ಕಣ್ಣಿನದು.

ಗುಂಡಿಗಳ ಮೇಲೆ ಸಣ್ಣ ಅಕ್ಷರಗಳಿವೆ, ಓದಿ. ಒಂದರ ಮೇಲೆ 'ಸಿ 16' ಅಂತಿದ್ದೀತು, ಇನ್ನೊಂದರ ಮೇಲೆ 'ಸಿ 10' ಅಥವಾ 'ಬಿ 6'. ಅದರ ಕೆಳಗೆ ಪುಟ್ಟ ಚೌಕದೊಳಗೆ '10000' ಅಂತಲೋ '6000' ಅಂತಲೋ ಒಂದು ದೊಡ್ಡ ಸಂಖ್ಯೆ. ಸಾಲಿನ ತುದಿಯಲ್ಲಿ ಉಳಿದವಕ್ಕಿಂತ ಅಗಲವಾದ ಒಂದು ಗುಂಡಿ ಇರಬಹುದು. ಅದರ ಮೈಮೇಲೆ 'ಟಿ' ಅಂತ ಬರೆದ ಸಣ್ಣ ಬಟನ್, ಪಕ್ಕದಲ್ಲಿ '30 ಎಂಎ' ಅಥವಾ '0.03 ಎ' ಅನ್ನುವ ಬರಹ. ಹಳೆಯ ಮನೆಯಾದರೆ ಈ ಅಗಲದ ಗುಂಡಿ ಇಲ್ಲದೆಯೂ ಇರಬಹುದು.

ಸಣ್ಣ ಗುಂಡಿಗಳ ಹೆಸರು ಎಂಸಿಬಿ. ಅಗಲದ್ದರ ಹೆಸರು ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್ ಅಣ್ಣಂದಿರು ಹಳೆಯ ರೂಢಿಯಂತೆ ಅದನ್ನು ಇಎಲ್‌ಸಿಬಿ ಅನ್ನುವುದೂ ಉಂಟು. ಎರಡೂ ಟಪ್ ಅಂತಲೇ ಬೀಳುತ್ತವೆ. ಆದರೆ ಸಣ್ಣದು ಬೀಳುವ ಕಾರಣವೇ ಬೇರೆ, ಅಗಲದ್ದು ಬೀಳುವ ಕಾರಣವೇ ಬೇರೆ. ಸಣ್ಣದು ಕಾಯುವುದು ಗೋಡೆಯೊಳಗಿನ ತಂತಿಯನ್ನು. ಅಗಲದ್ದು ಕಾಯುವುದು ನಿಮ್ಮನ್ನು.

ಮೊದಲು ಸಣ್ಣದನ್ನು ನೋಡೋಣ. 16 ಅಂದರೆ 16 ಆಂಪಿಯರ್. ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಅಂತ ಹೇಳುವ ಅಳತೆ ಅದು. ನಿಮ್ಮ ಮನೆಯ ಯಾವ ಸಾಮಾನು ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ನೀವೇ ಕಂಡುಹಿಡಿಯಬಹುದು. ಸಾಮಾನಿನ ಹಿಂದೆಯೋ ತಳದಲ್ಲೋ ವ್ಯಾಟ್ ಎಷ್ಟು ಅಂತ ಬರೆದಿರುತ್ತದೆ. ಅದನ್ನು 230ರಿಂದ ಭಾಗಿಸಿ, ಏಕೆಂದರೆ ನಮ್ಮ ದೇಶದ ಮನೆಗಳಿಗೆ ಬರುವುದು 230 ವೋಲ್ಟ್. ಬಂದ ಉತ್ತರವೇ ಹೆಚ್ಚೂ ಕಡಿಮೆ ಆಂಪಿಯರ್.

ಅಡುಗೆಮನೆಯಿಂದಲೇ ಶುರುಮಾಡಿ. 2000 ವ್ಯಾಟಿನ ಇಂಡಕ್ಷನ್ ಒಲೆ 8.7 ಆಂಪಿಯರ್. 1500 ವ್ಯಾಟಿನ ನೀರು ಕಾಯಿಸುವ ಕೆಟಲ್ 6.5. ಮೈಕ್ರೋವೇವ್ 1200 ವ್ಯಾಟಾದರೆ 5.2. ಮಿಕ್ಸಿ 750 ವ್ಯಾಟಿಗೆ 3.3. ಭಾನುವಾರ ಬೆಳಗ್ಗೆ ನೆಂಟರು ಬಂದಿದ್ದಾರೆ, ನಾಲ್ಕೂ ಒಟ್ಟಿಗೆ ಓಡುತ್ತಿವೆ ಅನ್ನಿ. ಕೂಡಿಸಿ ನೋಡಿ, 23.7 ಆಂಪಿಯರ್. ಇವೆಲ್ಲ ಒಂದೇ 16 ಆಂಪಿಯರ್ ಎಂಸಿಬಿಯ ಲೈನಿನಲ್ಲಿದ್ದರೆ, ಚಟ್ನಿ ನುಣ್ಣಗಾಗುವ ಮೊದಲೇ ಅಲ್ಲದಿದ್ದರೂ ಸ್ವಲ್ಪ ಹೊತ್ತಿಗೆ ಟಪ್ ಅನ್ನುವುದು ಖಂಡಿತ.

ಸ್ವಲ್ಪ ಹೊತ್ತು ಯಾಕೆ? ಕೂಡಲೇ ಯಾಕಿಲ್ಲ? ಇಲ್ಲೇ ಸ್ವಾರಸ್ಯ ಇರುವುದು.

ತಂತಿಯಲ್ಲಿ ಕರೆಂಟು ಹರಿದಾಗ ತಂತಿ ಬಿಸಿಯಾಗುತ್ತದೆ. ಮಿತಿಯಲ್ಲಿದ್ದಾಗ ಆ ಬಿಸಿಯಿಂದ ತಂತಿಗೆ ತೊಂದರೆಯಿಲ್ಲ. ಆದರೆ ಕರೆಂಟು ಎರಡರಷ್ಟಾದರೆ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟು ಹುಟ್ಟುತ್ತದೆ. ಮೂರರಷ್ಟಾದರೆ ಒಂಬತ್ತರಷ್ಟು. ಗೋಡೆಯೊಳಗೆ ಗಾಳಿಯಾಡದ ಪೈಪಿನಲ್ಲಿ ಮಲಗಿರುವ ತಂತಿಗೆ ಈ ಬಿಸಿಯನ್ನು ಕಳೆದುಕೊಳ್ಳಲು ದಾರಿ ಕಮ್ಮಿ. ಮೊದಲು ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗುತ್ತದೆ, ಆಮೇಲೆ ಕರಗುತ್ತದೆ, ಕೊನೆಗೆ ಬೆಂಕಿ. ಆದರೆ ಇದೆಲ್ಲ ಒಂದು ಸೆಕೆಂಡಿನಲ್ಲಿ ಆಗುವುದಿಲ್ಲ. ತಂತಿ ಬಿಸಿಯಾಗಲು ಸಮಯ ಬೇಕು. ಹಾಗಾಗಿ ಅದನ್ನು ಕಾಯುವ ಎಂಸಿಬಿಯೂ ಅವಸರ ಮಾಡುವುದಿಲ್ಲ. ತಂತಿಯ ಜೊತೆಜೊತೆಗೆ ತಾನೂ ಬಿಸಿಯಾಗುತ್ತ ಕಾಯುತ್ತದೆ.

ಎಂಸಿಬಿಯ ಹೊಟ್ಟೆಯಲ್ಲಿ ಒಂದು ಪುಟ್ಟ ಪಟ್ಟಿ ಇದೆ. ಎರಡು ಬೇರೆ ಬೇರೆ ಲೋಹಗಳ ತೆಳು ಹಾಳೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಮಾಡಿದ ಪಟ್ಟಿ. ಬಿಸಿಯಾದಾಗ ಲೋಹಗಳು ಹಿಗ್ಗುತ್ತವೆ, ಆದರೆ ಎಲ್ಲ ಲೋಹಗಳೂ ಒಂದೇ ಸಮನೆ ಹಿಗ್ಗುವುದಿಲ್ಲ. ಒಂದು ಹೆಚ್ಚು ಉದ್ದವಾಗಲು ನೋಡುತ್ತದೆ, ಅದಕ್ಕೆ ಅಂಟಿಕೊಂಡದ್ದು ಅಷ್ಟು ಉದ್ದವಾಗಲು ಒಲ್ಲೆ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಪಟ್ಟಿ ಬಾಗುತ್ತದೆ. ಬಾಗಿ ಬಾಗಿ ಒಂದು ಕೊಂಡಿಯನ್ನು ತಳ್ಳುತ್ತದೆ. ಕೊಂಡಿ ಬಿಟ್ಟುಕೊಂಡ ಕೂಡಲೇ ಒಳಗಿನ ಸ್ಪ್ರಿಂಗು ಚಿಮ್ಮಿ ಕರೆಂಟಿನ ದಾರಿಯನ್ನು ಕಡಿದುಹಾಕುತ್ತದೆ. ನಿಮಗೆ ಕೇಳುವ ಟಪ್ ಸದ್ದು ಆ ಸ್ಪ್ರಿಂಗಿನದು.

ಪಟ್ಟಿ ಬಾಗುವುದನ್ನು ಕಣ್ಣಾರೆ ನೋಡಬೇಕೇ? ತಿಂಡಿ ಸುತ್ತುವ ಅಲ್ಯೂಮಿನಿಯಂ ಹಾಳೆಗೆ ಬರೆಯುವ ಕಾಗದವನ್ನು ಒತ್ತಾಗಿ ಅಂಟಿಸಿ. ಅಂಟು ಚೆನ್ನಾಗಿ ಒಣಗಲಿ. ಬೆರಳಗಲದ, ಗೇಣುದ್ದದ ಪಟ್ಟಿ ಕತ್ತರಿಸಿಕೊಳ್ಳಿ. ದೊಡ್ಡವರು ಅದನ್ನು ಇಕ್ಕಳದಲ್ಲಿ ಹಿಡಿದು, ಮೋಂಬತ್ತಿಯ ಜ್ವಾಲೆಗಿಂತ ಸಾಕಷ್ಟು ಮೇಲೆ, ಬರೀ ಶಾಖ ತಾಗುವಷ್ಟು ಎತ್ತರದಲ್ಲಿ ಹಿಡಿಯಲಿ. ಪಟ್ಟಿ ಮೆಲ್ಲಗೆ ಕಾಗದದ ಕಡೆಗೆ ಸುರುಳಿಯಾಗುತ್ತದೆ. ಹಿಗ್ಗಿದ್ದು ಅಲ್ಯೂಮಿನಿಯಂ, ಹಿಗ್ಗದೆ ಹಟ ಹಿಡಿದದ್ದು ಕಾಗದ. ಬಹಳ ಇಸ್ತ್ರಿ ಪೆಟ್ಟಿಗೆಗಳೊಳಗೂ ಇಂಥದ್ದೇ ಎರಡು ಲೋಹದ ಪಟ್ಟಿ ಇದೆ. ಸಾಕಷ್ಟು ಬಿಸಿಯಾದ ಮೇಲೆ ಇಸ್ತ್ರಿಯ ಕೆಂಪು ದೀಪ ತಾನೇ ಆರುವುದು ಅದರಿಂದಲೇ.

ಈ ಗುಂಡಿಗಳು ಎಷ್ಟು ತಾಳ್ಮೆಯಿಂದಿರಬೇಕು ಅನ್ನುವುದಕ್ಕೂ ಲೆಕ್ಕವಿದೆ. 16 ಆಂಪಿಯರಿನದು 18 ಆಂಪಿಯರ್ ಹರಿದರೆ ಒಂದು ಗಂಟೆಯವರೆಗೂ ಬೀಳಕೂಡದು. 23.2 ಆಂಪಿಯರ್ ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ನಮ್ಮ ಭಾನುವಾರದ ಅಡುಗೆಮನೆ 23.7ಕ್ಕೆ ಹೋಗಿತ್ತು, ನೆನಪಿದೆಯೇ? ಮಿಕ್ಸಿ ನಿಲ್ಲಿಸಿದ ಕೂಡಲೇ ಅದು 20ರ ಹತ್ತಿರ ಇಳಿಯುತ್ತದೆ. ಹಾಗಾಗಿಯೇ ಕೆಲವು ದಿನ ಬೀಳುತ್ತದೆ, ಕೆಲವು ದಿನ ಬೀಳುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಡಬ್ಬಿಯೇ ಕಾದಿದ್ದರೆ ಪಟ್ಟಿ ಮೊದಲೇ ಅರ್ಧ ಬಾಗಿ ನಿಂತಿರುತ್ತದೆ, ಆಗ ಇನ್ನೂ ಬೇಗ ಬೀಳುತ್ತದೆ.

ಇನ್ನು ಆ ಅವಸರದ ಟಪ್. ಪ್ಲಗ್ ಹಾಕಿ ಸ್ವಿಚ್ ಒತ್ತಿದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ಬಿದ್ದುಹೋಗುವುದು. ಇಸ್ತ್ರಿ ಪೆಟ್ಟಿಗೆಯ ವೈರನ್ನು ಅದರ ಕುತ್ತಿಗೆಯ ಹತ್ತಿರ ನೋಡಿ. ದಿನಾ ಮಡಚಿ ಮಡಚಿ ಅಲ್ಲಿನ ಹೊದಿಕೆ ಸವೆದಿರುತ್ತದೆ. ಒಳಗಿನ ಎರಡು ತಂತಿಗಳು ಒಂದಕ್ಕೊಂದು ತಾಗಿದರೆ ಕರೆಂಟು ಇಸ್ತ್ರಿಯೊಳಕ್ಕೆ ಹೋಗಿ ದುಡಿಯುವ ಗೊಡವೆಯೇ ಇಲ್ಲದೆ, ಅಡ್ಡದಾರಿಯಲ್ಲಿ ನುಗ್ಗಿ ಮರಳುತ್ತದೆ. ತಡೆಯುವವರಿಲ್ಲದ್ದರಿಂದ ನೂರಾರು ಆಂಪಿಯರ್. ಇದೇ ಶಾರ್ಟ್ ಸರ್ಕಿಟ್. ಪಟ್ಟಿ ಬಿಸಿಯಾಗಿ ಬಾಗುವವರೆಗೆ ಕಾದರೆ ವೈರು ಸುಟ್ಟುಹೋದೀತು.

ಅದಕ್ಕೇ ಎಂಸಿಬಿಯೊಳಗೆ ಇನ್ನೊಂದು ಏರ್ಪಾಟು. ಶಾಲೆಯಲ್ಲಿ ಕಬ್ಬಿಣದ ಮೊಳೆಗೆ ತಾಮ್ರದ ವೈರು ಸುತ್ತಿ ಬ್ಯಾಟರಿ ಸೆಲ್ಲಿಗೆ ಜೋಡಿಸಿ, ಗುಂಡುಪಿನ್ನು ಎತ್ತಿಸಿದ್ದೀರಲ್ಲ? ಅದೇ ಇಲ್ಲೂ ಇದೆ. ಕರೆಂಟು ಒಂದು ದಪ್ಪ ತಂತಿಯ ಸುರುಳಿಯ ಮೂಲಕ ಹಾದುಹೋಗುತ್ತದೆ. ಮಾಮೂಲಿ ಕರೆಂಟಿಗೆ ಸುರುಳಿಯ ಅಯಸ್ಕಾಂತ ಬಲ ಸಾಲದು. ನೂರಾರು ಆಂಪಿಯರ್ ನುಗ್ಗಿದಾಗ ಅದು ಒಂದು ಕಬ್ಬಿಣದ ಕಡ್ಡಿಯನ್ನು ಸರಕ್ಕನೆ ಎಳೆದು ಅದೇ ಕೊಂಡಿಗೆ ಗುದ್ದುತ್ತದೆ. ಸೆಕೆಂಡಿನ ನೂರರಲ್ಲೊಂದು ಭಾಗದ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ.

'ಸಿ', 'ಬಿ' ಅಕ್ಷರಗಳು ಈ ಅಯಸ್ಕಾಂತದ ಸ್ವಭಾವ ಹೇಳುತ್ತವೆ. ಬಿ ಜಾತಿಯದು ತನ್ನ ಅಂಕಿಯ 3ರಿಂದ 5 ಪಟ್ಟು ಕರೆಂಟು ಬಂದರೆ ಎಗರಿಬೀಳುತ್ತದೆ. ಸಿ ಜಾತಿಯದು 5ರಿಂದ 10 ಪಟ್ಟಿನವರೆಗೆ ಸಹಿಸುತ್ತದೆ. ಮೋಟಾರುಗಳು ಶುರುವಾಗುವ ಆ ಒಂದು ಕ್ಷಣ ತಮ್ಮ ಪಾಲಿಗಿಂತ ಹಲವು ಪಟ್ಟು ಹೆಚ್ಚು ಎಳೆಯುತ್ತವೆ. ಪಂಪು, ಫ್ರಿಜ್ಜು ಶುರುವಾದಾಗಲೆಲ್ಲ ಬಿದ್ದರೆ ಆದೀತೇ? ಅಂಥ ಲೈನಿಗೆ ಸಿ.

ಆ 10000 ಏನು? ಅಷ್ಟು ಆಂಪಿಯರ್ ನುಗ್ಗಿ ಬಂದರೂ ಸಿಡಿಯದೆ ಕಡಿದುಹಾಕಬಲ್ಲೆ ಅನ್ನುವ ಭರವಸೆ. ಕಡಿಯುವುದು ಹೇಳಿದಷ್ಟು ಸುಲಭವಲ್ಲ. ಎರಡು ಲೋಹದ ತುದಿಗಳನ್ನು ದೂರ ಮಾಡಿದರೂ ಕರೆಂಟು ನಡುವಿನ ಗಾಳಿಯಲ್ಲೇ ಕಿಡಿಯಾಗಿ ಹಾರಿ ದಾಟಲು ನೋಡುತ್ತದೆ. ಎಂಸಿಬಿಯೊಳಗೆ ಒತ್ತೊತ್ತಾಗಿ ಜೋಡಿಸಿದ ಲೋಹದ ತಗಡುಗಳಿವೆ. ಆ ಉದ್ದ ಕಿಡಿ ಅವುಗಳ ನಡುವೆ ಸಿಕ್ಕಿ ತುಂಡು ತುಂಡಾಗಿ, ತಣ್ಣಗಾಗಿ ಆರಿಹೋಗುತ್ತದೆ.

ಬಾಗುವ ಪಟ್ಟಿ, ಎಳೆಯುವ ಅಯಸ್ಕಾಂತ ಎರಡನ್ನೂ ಅಂಗೈಯಗಲದ ಗುಂಡಿಯಲ್ಲಿ ಸೇರಿಸಿದ್ದು ಜರ್ಮನಿಯ ಮಾನ್‌ಹೈಮ್ ಊರಿನ ಹ್ಯೂಗೊ ಸ್ಟಾಟ್ಸ್ ಅವರ ಕಂಪನಿ. 1924ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮೊದಲು, ನಮ್ಮಲ್ಲಂತೂ ತೀರ ಈಚಿನವರೆಗೂ ಇದ್ದದ್ದು ಪಿಂಗಾಣಿಯ ಫ್ಯೂಸು. ಅದರಲ್ಲೊಂದು ಸಣ್ಣ ತಂತಿ. ಲೋಡ್ ಜಾಸ್ತಿಯಾದರೆ ತಾನೇ ಕರಗಿ ಮನೆಯನ್ನು ಉಳಿಸುತ್ತಿತ್ತು. ಪದೇ ಪದೇ ಹೋಗುತ್ತದೆ ಅಂತ ಕೆಲವರು ದಪ್ಪ ತಂತಿ ಸುತ್ತಿಬಿಡುತ್ತಿದ್ದರು. ಆಗ ಫ್ಯೂಸು ಕರಗುತ್ತಿರಲಿಲ್ಲ, ಗೋಡೆಯೊಳಗಿನ ವೈರು ಕರಗುತ್ತಿತ್ತು! ಇವತ್ತೂ ಅದೇ ಬುದ್ಧಿಯವರು 16ರ ಗುಂಡಿ ತೆಗೆದು 32ರದ್ದು ಹಾಕಿಸುತ್ತಾರೆ. ಗುಂಡಿ ದೊಡ್ಡದಾಯಿತು ಸರಿ, ಗೋಡೆಯೊಳಗಿನ ತಂತಿ ಮಾತ್ರ ಹಳೆಯದೇ.

ಈಗ ಅಗಲದ ಗುಂಡಿಗೆ ಬರೋಣ. ನನಗೆ ಬಹಳ ಪ್ರೀತಿಯದು ಇದೇ.

ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬನ್ನು 230ರಿಂದ ಭಾಗಿಸಿ. 0.039 ಆಂಪಿಯರ್, ಅಂದರೆ 39 ಮಿಲಿಆಂಪಿಯರ್. ಆಂಪಿಯರಿನ ಸಾವಿರದಲ್ಲೊಂದು ಭಾಗಕ್ಕೆ ಮಿಲಿಆಂಪಿಯರ್ ಅನ್ನುತ್ತಾರೆ. ಇಷ್ಟು ಪುಟ್ಟ ಕರೆಂಟು ಒಬ್ಬ ಮನುಷ್ಯನ ಮೈಯಲ್ಲಿ ಹರಿದರೆ ಪ್ರಾಣಕ್ಕೇ ಅಪಾಯ. ಅಮೆರಿಕದ ಬರ್ಕ್ಲಿಯಲ್ಲಿ ಪ್ರೊಫೆಸರ್ ಆಗಿದ್ದ ಚಾರ್ಲ್ಸ್ ಡಾಲ್‌ಜೀಲ್ ಇದನ್ನೇ ವರ್ಷಗಟ್ಟಲೆ ಅಳೆದರು. ತಾವಾಗಿ ಮುಂದೆ ಬಂದವರ ಕೈಗೆ ಎಚ್ಚರಿಕೆಯಿಂದ ಸಣ್ಣ ಕರೆಂಟು ಕೊಟ್ಟು, ಯಾವ ಹಂತದಲ್ಲಿ ಹಿಡಿದ ತಂತಿಯನ್ನು ಬಿಡಲು ಆಗುವುದಿಲ್ಲ ಅಂತ ನೋಡಿದರು. ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ ಹತ್ತೂವರೆ. ಅಷ್ಟಾದ ಮೇಲೆ ಕೈಯ ಸ್ನಾಯುಗಳು ಬಿಗಿದುಕೊಂಡು, ಬಿಡಬೇಕೆಂದರೂ ಬಿಡಲಾಗದು.

ಇಲ್ಲೊಂದು ಒಗಟು. ಎಂಸಿಬಿಗೆ 16 ಆಂಪಿಯರ್ ಅಂದರೆ 16,000 ಮಿಲಿಆಂಪಿಯರ್. ಯಾರಿಗಾದರೂ ಶಾಕ್ ಹೊಡೆದು 50 ಮಿಲಿಆಂಪಿಯರ್ ಹರಿದರೆ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಇನ್ನೊಂದು ಬಲ್ಬು ಹಾಕಿದರೇನೋ ಅಂದುಕೊಂಡು ಸುಮ್ಮನಿರುತ್ತದೆ. ಹಾಗಿದ್ದರೆ ಬಲ್ಬಿನ ಕರೆಂಟಿಗೂ ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟಿಗೂ ಇರುವ ವ್ಯತ್ಯಾಸವನ್ನು ಒಂದು ಗುಂಡಿ ಹೇಗೆ ಪತ್ತೆಮಾಡಬೇಕು?

ಶಾಲೆಯ ಪ್ರವಾಸ ನೆನಪು ಮಾಡಿಕೊಳ್ಳಿ. ಬಸ್ಸಿನ ಬಾಗಿಲಲ್ಲಿ ಮೇಷ್ಟ್ರು ನಿಂತು ಇಳಿಯುವಾಗ ಎಣಿಸುತ್ತಾರೆ, ಹತ್ತುವಾಗ ಎಣಿಸುತ್ತಾರೆ. ಮಕ್ಕಳು ಒಳಗೆ ಅರಮನೆ ನೋಡಿದರೋ ಐಸ್‌ಕ್ರೀಂ ತಿಂದರೋ ಮೇಷ್ಟ್ರಿಗೆ ಬೇಕಿಲ್ಲ. ಇಳಿದದ್ದು 40, ಹತ್ತಿದ್ದು 40 ಆದರೆ ಸಮಾಧಾನ. ಒಬ್ಬ ಕಮ್ಮಿಯಾದರೆ? ಬಸ್ಸು ಅಲುಗುವಂತಿಲ್ಲ.

ಆರ್‌ಸಿಸಿಬಿ ಮಾಡುವುದು ಇಷ್ಟೇ. ಕರೆಂಟು ಫೇಸ್ ತಂತಿಯಲ್ಲಿ ಹೋಗಿ, ಕೆಲಸ ಮಾಡಿ, ನ್ಯೂಟ್ರಲ್ ತಂತಿಯಲ್ಲಿ ಮರಳುತ್ತದೆ. ಈ ಎರಡೂ ತಂತಿಗಳು ಗುಂಡಿಯೊಳಗೆ ಒಂದು ಲೋಹದ ಉಂಗುರದ ನಡುವೆ ಹಾದುಹೋಗುತ್ತವೆ. ಹೋಗುವ ಕರೆಂಟು ಉಂಗುರದಲ್ಲಿ ಒಂದು ದಿಕ್ಕಿನ ಅಯಸ್ಕಾಂತ ಬಲ ಹುಟ್ಟಿಸುತ್ತದೆ, ಬರುವ ಕರೆಂಟು ಅದಕ್ಕೆ ಎದುರು ದಿಕ್ಕಿನದು. ಎರಡೂ ಸಮನಾದರೆ ಒಂದನ್ನೊಂದು ಅಳಿಸಿಹಾಕಿ ಸೊನ್ನೆ. ಐದು ಆಂಪಿಯರ್ ಹೋಗಿ ಐದು ಬಂದರೂ ಸೊನ್ನೆ, ಇಪ್ಪತ್ತು ಹೋಗಿ ಇಪ್ಪತ್ತು ಬಂದರೂ ಸೊನ್ನೆ. ಆದರೆ ಯಾರದೋ ಮೈಯ ಮೂಲಕವೋ ಒದ್ದೆ ಗೋಡೆಯ ಮೂಲಕವೋ ಸ್ವಲ್ಪ ಕರೆಂಟು ನೆಲಕ್ಕೆ ಇಳಿದುಹೋಯಿತು ಅನ್ನಿ, ಮರಳುವ ಲೆಕ್ಕದಲ್ಲಿ ಅಷ್ಟು ಕಮ್ಮಿ. ಉಂಗುರ ಎಚ್ಚೆತ್ತುಕೊಳ್ಳುತ್ತದೆ. ಕಮ್ಮಿಯಾದದ್ದು 30 ಮಿಲಿಆಂಪಿಯರ್ ಮುಟ್ಟುವುದರೊಳಗೆ ಟಪ್.

ಚೂಟಿಯಾದವರು ಇಲ್ಲಿ ತಕರಾರು ತೆಗೆಯಬಹುದು. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದಲ್ಲ, ಹೋಗುವುದು ಯಾವುದು ಬರುವುದು ಯಾವುದು? ಒಳ್ಳೆಯ ತಕರಾರು. ದಿಕ್ಕು ಬದಲಾಗುತ್ತಲೇ ಇದ್ದರೂ ಯಾವ ಗಳಿಗೆಯಲ್ಲಿ ನೋಡಿದರೂ ಒಂದು ತಂತಿಯಲ್ಲಿ ಎಷ್ಟು ಆಚೆಗೋ ಇನ್ನೊಂದರಲ್ಲಿ ಅಷ್ಟೇ ಈಚೆಗೆ. ಎಣಿಕೆಗೆ ಅಷ್ಟು ಸಾಕು.

ಮಳೆಗಾಲದಲ್ಲಿ ಈ ಅಗಲದ ಗುಂಡಿಗೆ ಬಿಡುವಿಲ್ಲ. ಹೊರಗಿನ ಗೋಡೆಯ ಸ್ವಿಚ್ ಬಾಕ್ಸಿಗೆ ನೀರು ಇಳಿಯುತ್ತದೆ, ಒಳಗೆ ಇರುವೆ ಗೂಡು ಕಟ್ಟಿರುತ್ತದೆ, ಬೆಚ್ಚಗಿದೆ ಅಂತ ಹಲ್ಲಿ ಬಂದು ಕೂತಿರುತ್ತದೆ. ಗೀಸರಿನ ಒಳಗಿನ ಕಾಯಿಸುವ ಕೊಳವೆ ತೂತುಬಿದ್ದು ನೀರು ಕುಡಿದಿದ್ದರೂ ಹೀಗೇ. ಕೆಲವು ಸಲ ಗೀಸರಿನ ಸ್ವಿಚ್ ಆಫ್ ಮಾಡಿದರೂ ಗುಂಡಿ ಮೇಲೆ ನಿಲ್ಲುವುದೇ ಇಲ್ಲ. ಏಕೆಂದರೆ ಗೋಡೆಯ ಸ್ವಿಚ್ಚು ಕಡಿಯುವುದು ಫೇಸ್ ತಂತಿಯನ್ನು ಮಾತ್ರ. ನ್ಯೂಟ್ರಲ್ ಅಲ್ಲಿಗೆ ಇನ್ನೂ ಜೋಡಿಸಿಯೇ ಇರುತ್ತದೆ. ಕೆಟ್ಟ ಗೀಸರಿನೊಳಗೆ ಆ ನ್ಯೂಟ್ರಲ್ಲು ನೆಲಕ್ಕೆ ಇಳಿಯುವ ಅರ್ಥಿಂಗ್ ತಂತಿಗೆ ತಾಗಿದ್ದರೆ, ಮನೆಯ ಬೇರೆ ಸಾಮಾನುಗಳ ಕರೆಂಟೂ ಮರಳುವಾಗ ಒಂದಿಷ್ಟು ಆ ದಾರಿ ಹಿಡಿದು ಉಂಗುರವನ್ನು ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಕಳ್ಳನನ್ನು ಹಿಡಿಯುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗುಗಳನ್ನೇ ಕಿತ್ತಿಡಬೇಕು. ಆಮೇಲೆ ಒಂದೊಂದಾಗಿ ಹಾಕುತ್ತ ಬಂದರೆ ಯಾವುದು ಹಾಕಿದಾಗ ಬಿತ್ತೋ ಅದೇ ಕಳ್ಳ. ಈ ಕೆಲಸ ದೊಡ್ಡವರದು, ನೀವು ಪಟ್ಟಿ ಬರೆದುಕೊಳ್ಳಿ.

ಮನೆಗೆ ಹೊಸದಾಗಿ ಯುಪಿಎಸ್ ಹಾಕಿಸಿದ ಮೇಲೆ ಬೀಳಲು ಶುರುವಾಗುವುದೂ ಉಂಟು. ಯುಪಿಎಸ್ಸಿನ ಲೈನಿನ ನ್ಯೂಟ್ರಲ್ಲನ್ನು ಯಾರೋ ಬೇರೆ ಲೈನಿನ ನ್ಯೂಟ್ರಲ್ಲಿಗೆ ಸೇರಿಸಿಬಿಟ್ಟಿರುತ್ತಾರೆ. ಈ ಬಸ್ಸಿನಿಂದ ಇಳಿದ ಮಕ್ಕಳು ಆ ಬಸ್ಸು ಹತ್ತಿದರೆ ಏನಾಗುತ್ತದೆ? ಯಾರೂ ಕಳೆದುಹೋಗಿಲ್ಲ, ಆದರೂ ಇಬ್ಬರು ಮೇಷ್ಟ್ರೂ ಗಾಬರಿ!

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಯಾರಾದರೂ ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದು ಒಣ ಮರದ ಸ್ಟೂಲಿನ ಮೇಲೆ ನಿಂತರೆ, ಹೋದ ಕರೆಂಟೆಲ್ಲ ಮೈಯ ಮೂಲಕವೇ ಮರಳುತ್ತದೆ. ಎಣಿಕೆ ಸರಿಯಾಗಿಯೇ ಇರುತ್ತದೆ, ಗುಂಡಿ ಬೀಳುವುದಿಲ್ಲ. ಆರ್‌ಸಿಸಿಬಿ ಇದೆ ಅನ್ನುವ ಧೈರ್ಯದಲ್ಲಿ ಪ್ಲಗ್ಗಿನ ತೂತಿಗೆ ಏನನ್ನೂ ತುರುಕುವ ಹಾಗಿಲ್ಲ.

ಈಗ ನಿಮ್ಮನ್ನು ದೂರ ಕರೆದುಕೊಂಡು ಹೋಗುತ್ತೇನೆ, ಅಮೆರಿಕದ ಫ್ಲಾರಿಡಾದಂಥ ಕಡಲ ತೀರಕ್ಕೆ. ಅಲ್ಲಿ ದೋಣಿಗಳನ್ನು ಸಾಲಾಗಿ ಕಟ್ಟಿ ನಿಲ್ಲಿಸುವ ಜಾಗಗಳಿವೆ. ಮರೀನಾ ಅನ್ನುತ್ತಾರೆ. ಈ ದೋಣಿಗಳೊಳಗೆ ಒಲೆ, ಫ್ರಿಜ್ಜು, ಎಸಿ, ಹಾಸಿಗೆ ಎಲ್ಲ ಇರುತ್ತವೆ. ದಡದ ಕಟ್ಟೆಯ ಮೇಲೆ ಸೊಂಟದೆತ್ತರದ ಕಂಬ, ಅದರಲ್ಲಿ ಪ್ಲಗ್ಗು ಮತ್ತು ನಮ್ಮ ಡಬ್ಬಿಯಲ್ಲಿರುವಂಥದ್ದೇ ಗುಂಡಿ. ದೋಣಿಯಿಂದ ಹಳದಿ ಬಣ್ಣದ ದಪ್ಪ ಕೇಬಲ್ಲು ತಂದು ಅದಕ್ಕೆ ತಿರುಚಿ ಸಿಕ್ಕಿಸುತ್ತಾರೆ. ನೀರ ಮೇಲಿನ ಮನೆಗೆ ದಡದ ಕರೆಂಟು.

ಒಂದು ಸಾಧಾರಣ ದೋಣಿಗೆ ಅಲ್ಲಿ ಸಿಗುವುದು 120 ವೋಲ್ಟ್, 30 ಆಂಪಿಯರ್. ಗುಣಿಸಿದರೆ 3600 ವ್ಯಾಟ್. ನಮ್ಮ ಭಾನುವಾರದ ಅಡುಗೆಮನೆಯೊಂದೇ 5450 ವ್ಯಾಟ್ ಎಳೆದಿತ್ತು! ನೀರು ಕಾಯಿಸುವ ಹಂಡೆ 1500 ವ್ಯಾಟು, ಮೈಕ್ರೋವೇವ್, ಎಸಿ ಮೂರೂ ಓಡುತ್ತಿರುವಾಗ ಹೇರ್ ಡ್ರೈಯರ್ ಹಾಕಿದರೆ ಕಂಬದ ಗುಂಡಿ ಬಿತ್ತೆಂದೇ ಲೆಕ್ಕ. ಬಿಸಿಲಿಗೆ ಕಂಬವೇ ಕಾದಿರುವುದರಿಂದ ಪಟ್ಟಿ ಬಾಗಲು ಮೊದಲೇ ತಯಾರು. ಉಪ್ಪುಗಾಳಿಗೆ ಪ್ಲಗ್ಗಿನ ಹಿತ್ತಾಳೆ ಕಡ್ಡಿಗಳು ಕಿಲುಬು ಹಿಡಿಯುವುದು ಇನ್ನೂ ಕೆಟ್ಟದ್ದು. ಸರಿಯಾಗಿ ತಾಗದ ಜಾಗದಲ್ಲಿ ವಿಪರೀತ ಬಿಸಿ ಹುಟ್ಟಿ ಪ್ಲಗ್ಗು ಕಪ್ಪಾಗಿ ಸುಡುತ್ತದೆ. ಅಲ್ಲಿ ಹರಿಯುವ ಕರೆಂಟು 30 ದಾಟಿಲ್ಲದ್ದರಿಂದ ಗುಂಡಿ ಸುಮ್ಮನೇ ಇರಬಹುದು. ಹಾಗಾಗಿ ದೋಣಿಯವರು ಆಗಾಗ ಪ್ಲಗ್ಗನ್ನು ಬಿಚ್ಚಿ ಕಣ್ಣಲ್ಲೇ ನೋಡಬೇಕು.

ಆದರೆ ದೋಣಿಗಳಿಗೆ ನಿಜವಾದ ತಲೆನೋವು ಎಣಿಸುವ ಗುಂಡಿಯದು. ಅಮೆರಿಕದ ರಾಷ್ಟ್ರೀಯ ವಿದ್ಯುತ್ ನಿಯಮಾವಳಿಯ 2017ರ ಆವೃತ್ತಿ ಮರೀನಾಗಳಲ್ಲಿ ಈ ಎಣಿಕೆಯನ್ನು 30 ಮಿಲಿಆಂಪಿಯರಿಗೆ ಬಿಗಿಮಾಡಿತು. ಅಲ್ಲಿಯವರೆಗೆ ಹಾಯಾಗಿದ್ದ ಹಳೆಯ ದೋಣಿಗಳು ಹೊಸ ಕಂಬಕ್ಕೆ ಪ್ಲಗ್ ಹಾಕಿದ ಕೂಡಲೇ ಗುಂಡಿ ಬೀಳಲು ಶುರುವಾಯಿತು. ಕಂಬ ಸರಿಯಿಲ್ಲ ಅಂತ ಬೈದವರೇ ಹೆಚ್ಚು. ಬಹಳ ಸಲ ಕಂಬ ಸರಿಯಾಗಿಯೇ ಇತ್ತು. ದೋಣಿಯೊಳಗೆ ಯಾರೋ ಎಂದೋ ನ್ಯೂಟ್ರಲ್ಲನ್ನೂ ಅರ್ಥಿಂಗನ್ನೂ ಒಂದೇ ಕಡೆ ಬಿಗಿದುಬಿಟ್ಟಿದ್ದರು. ಅವೆರಡೂ ಸೇರಬೇಕಾದದ್ದು ದಡದಲ್ಲಿ ಮಾತ್ರ. ದೋಣಿಯಲ್ಲೂ ಸೇರಿದರೆ ಮರಳುವ ಕರೆಂಟಿಗೆ ಎರಡು ದಾರಿ, ಎಣಿಕೆ ತಪ್ಪುತ್ತದೆ. ನಮ್ಮ ಕೆಟ್ಟ ಗೀಸರಿನ ಕಥೆಯೇ ಇದು.

ದೋಣಿಯ ಇನ್ವರ್ಟರಿನದು ಇನ್ನೂ ತಮಾಷೆ. ನಡುನೀರಿನಲ್ಲಿ ಬ್ಯಾಟರಿಯಿಂದ ಕರೆಂಟು ಕೊಡುವಾಗ ಇನ್ವರ್ಟರು ನ್ಯೂಟ್ರಲ್ಲನ್ನೂ ಅರ್ಥಿಂಗನ್ನೂ ತನ್ನೊಳಗೆ ಸೇರಿಸಿಕೊಂಡಿರಬೇಕು. ದಡದ ಕರೆಂಟು ಬಂದ ಕೂಡಲೇ ಬಿಡಿಸಿಕೊಳ್ಳಬೇಕು. ಬಿಡಿಸುವುದು ಒಂದು ಚೂರು ತಡವಾದರೆ, ಆ ಚೂರು ಹೊತ್ತಿನಲ್ಲೇ ಕಂಬದ ಗುಂಡಿ ಎಣಿಸಿ ಮುಗಿಸಿ ಬಿದ್ದಿರುತ್ತದೆ.

ಇಷ್ಟು ಬಿಗಿ ಯಾಕೆ ಅಂದರೆ, ದೋಣಿಯಿಂದ ಸೋರಿದ ಕರೆಂಟು ಇಳಿಯುವುದು ನೀರಿಗೆ. ಅಲ್ಲಿ ಯಾರಾದರೂ ಈಜುತ್ತಿದ್ದರೆ? ಉಪ್ಪುನೀರಿಗಿಂತ ಕೆರೆ, ನದಿಯ ಸಿಹಿನೀರಿನಲ್ಲೇ ಇದು ಹೆಚ್ಚು ಅಪಾಯ ಅನ್ನುವುದು ಕೇಳಿದವರಿಗೆಲ್ಲ ಆಶ್ಚರ್ಯ. ಉಪ್ಪುನೀರು ಕರೆಂಟಿಗೆ ಒಳ್ಳೆಯ ದಾರಿ, ಅದು ಮನುಷ್ಯನನ್ನು ಬಳಸಿಕೊಂಡು ಹೋಗುತ್ತದೆ. ಸಿಹಿನೀರು ಕೆಟ್ಟ ದಾರಿ. ನಮ್ಮ ಮೈಯೊಳಗಾದರೋ ಉಪ್ಪಿದೆ, ಹಾಗಾಗಿ ಸುತ್ತಲಿನ ನೀರಿಗಿಂತ ನಮ್ಮ ಮೈಯೇ ಸಲೀಸು. ಸ್ನಾಯುಗಳು ಬಿಗಿದು ಚೆನ್ನಾಗಿ ಈಜಬಲ್ಲವರೂ ಮುಳುಗಿಬಿಡುತ್ತಾರೆ. ಅದಕ್ಕೇ ಮರೀನಾಗಳಲ್ಲಿ ಈಜಬೇಡಿ ಅನ್ನುವ ಫಲಕ. ನಮ್ಮಲ್ಲಿ ತೋಟದ ಬಾವಿಗೋ ಹೊಂಡಕ್ಕೋ ಮೋಟಾರು ಇಳಿಬಿಟ್ಟಿದ್ದರೂ ಮಾತು ಅದೇ. ಕರೆಂಟು ಪೂರ್ತಿ ತೆಗೆಯದೆ ಯಾರೂ ನೀರಿಗಿಳಿಯಬಾರದು.

ನೂರು ದೋಣಿ ನಿಂತಿರುವ ಕಡೆ ಸೋರುವ ದೋಣಿ ಯಾವುದು ಅಂತ ಹೇಗೆ ಹುಡುಕುತ್ತಾರೆ ಗೊತ್ತೇ? ಅಲ್ಲಿನ ಎಲೆಕ್ಟ್ರಿಷಿಯನ್ ಕೈಯಲ್ಲಿ ಏಡಿಯ ಕೊಂಬಿನಂಥ ಬಾಯಿರುವ ಒಂದು ಮೀಟರ್ ಇರುತ್ತದೆ. ಯಾವ ತಂತಿಯನ್ನೂ ಬಿಚ್ಚದೆ, ಹೊದಿಕೆಯ ಮೇಲಿಂದಲೇ ಬಾಯಿ ಹಾಕಿ ಹಿಡಿದರೆ ಒಳಗೆ ಹರಿಯುವ ಕರೆಂಟು ಎಷ್ಟು ಅಂತ ಅದು ತೋರಿಸುತ್ತದೆ. ಆತ ಕಟ್ಟೆಯುದ್ದಕ್ಕೂ ನಡೆಯುತ್ತ, ಪ್ರತಿ ದೋಣಿಯ ಹಳದಿ ಕೇಬಲ್ಲನ್ನೂ ಇಡಿಯಾಗಿ ಮೀಟರಿನ ಬಾಯಿಗೆ ಕೊಡುತ್ತಾನೆ. ಮೊದಲ ದೋಣಿಯಲ್ಲಿ ಎಸಿ ಗುಂಯ್‌ಗುಟ್ಟುತ್ತಿದೆ, ಹಂಡೆ ಕಾಯುತ್ತಿದೆ, 20 ಆಂಪಿಯರ್ ಓಡುತ್ತಿದೆ. ಮೀಟರ್ ತೋರಿಸುವುದು ಸೊನ್ನೆ. ಎರಡನೆಯದೂ ಸೊನ್ನೆ. ಐದನೆಯ ದೋಣಿಯಲ್ಲಿ ಒಂದು ದೀಪವೂ ಉರಿಯುತ್ತಿಲ್ಲ, ಯಾರೂ ಇಲ್ಲ, ಆದರೆ ಮೀಟರ್ ಅರ್ಧ ಆಂಪಿಯರ್ ಅನ್ನುತ್ತಿದೆ. ಆತ ಮುಂದೆ ಹೋಗುವುದಿಲ್ಲ, ಆ ಪ್ಲಗ್ಗಿಗೇ ಕೈಹಾಕುತ್ತಾನೆ. ಇಪ್ಪತ್ತು ಆಂಪಿಯರ್ ಎಳೆಯುವ ದೋಣಿಗೆ ಸೊನ್ನೆ ಯಾಕೆ ಬಂತು, ಕತ್ತಲಲ್ಲಿ ನಿಂತ ದೋಣಿಗೆ ಅರ್ಧ ಯಾಕೆ ಬಂತು ಅಂತ ಈಗ ನಿಮ್ಮ ಮನೆಯವರಿಗೆ ನೀವೇ ಬಿಡಿಸಿ ಹೇಳಬಲ್ಲಿರಿ.